ಮೊದಲು ಸೋಪು, ಕೊನೆಗೆ ಧೂಳು

ಚಿಕ್ಕಬಳ್ಳಾಪುರ–ಕೋಲಾರ ದಾರಿಯಲ್ಲಿ ಓಡುತ್ತಿದ್ದ ಹಳೆಯ ಪುಟ್ಟ ರೈಲಿನ ಮಾದರಿ ಮಾಡುವ ಆಸೆಯೇ? ಮೊದಲು ಅಳತೆ ನೋಡಿಕೊಳ್ಳಿ. ಆ ಹಳಿಯ ಅಗಲ 762 ಮಿ.ಮೀ.; 1:87ರ ಪ್ರಮಾಣಕ್ಕೆ 9 ಮಿ.ಮೀ. ಹಳಿ ಹೊಂದುತ್ತದೆ. ಗೌರಿಬಿದನೂರಿನ ಹಳೆಯ ಮೀಟರ್‌ಗೇಜಿಗಾದರೆ 12.

ಎಂಜಿನ್ನಿನ ಮೇಲ್ಕವಚವನ್ನು ಮೋಟಾರಿನಿಂದ ಬಿಚ್ಚಿ, ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಬೆರಳಿನ ಜಿಡ್ಡಿದ್ದರೆ ಬಣ್ಣ ಹಿಡಿಯದು. ಪ್ರೈಮರ್ ಆದಮೇಲೆ ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಅಚ್ಚ ಕಪ್ಪು ಬೇಡ, ಚೂರು ಬೂದು ಬೆರೆಸಿ. ಇಲ್ಲದಿದ್ದರೆ ರಿವೆಟ್ಟುಗಳೇ ಕಾಣವು. ಡೆಕಾಲ್‌ (ಅಕ್ಷರ, ಅಂಕಿಗಳ ಅಂಟುಚಿತ್ರ) ಅಂಟಿಸುವುದು ಹೊಳಪಿನ ವಾರ್ನಿಷ್ ಮೇಲೆ, ಅದರ ಮೇಲೆ ಮ್ಯಾಟ್. ಮಳೆ ಹಿಡಿದ ದಿನ ವಾರ್ನಿಷ್ ಸ್ಪ್ರೇ ಮಾಡಬೇಡಿ, ಬಿಳಿಚಿಕೊಳ್ಳುತ್ತದೆ.

ನಿಜವಾದ ಮಜಾ ಇರುವುದು ಕೊಳೆ ಮಾಡುವುದರಲ್ಲಿ! ಹೊಗೆಕೊಳವೆಯ ಸುತ್ತ ಮಸಿ, ಬಾಯ್ಲರಿನ ಇಳಿಜಾರಿನಲ್ಲಿ ಗಡಸು ನೀರು ಸೋರಿ ಒಣಗಿದ ಬಿಳಿ ಗೆರೆ, ಚಕ್ರ ಮತ್ತು ಬೋಗಿಯ ಕೆಳಗೆ ನಮ್ಮ ಕೆಂಪು ಧೂಳು. ಇದಕ್ಕೆ ಶಿಡ್ಲಘಟ್ಟದ ಹೊಲದ ಮಣ್ಣನ್ನೇ ತರಬೇಡಿ. ಅದರ ಕಣ ಆ ಪ್ರಮಾಣಕ್ಕೆ ಜಲ್ಲಿಕಲ್ಲಿನಷ್ಟು ದಪ್ಪ; ಗಿಯರಿಗೆ ಸೇರಿದರಂತೂ ಕಥೆ ಮುಗಿಯಿತು. ಪ್ಯಾಸ್ಟೆಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು, ಮೆತ್ತನೆಯ ಕುಂಚದಲ್ಲಿ ಸವರಿದರೆ ಸಾಕು. ಚಕ್ರದ ಅಂಚಿಗೆ ಮಾತ್ರ ಏನೂ ತಾಗಿಸಬೇಡಿ, ವಿದ್ಯುತ್ ಹರಿಯುವುದು ಅಲ್ಲಿಂದಲೇ.