ನೆರೆ ಬಂತೆಂದು ಹೊಣೆ ತಪ್ಪದು

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈಯನ್ನು ಮುಳುಗಿಸಿತು. ನಗರದ ಉತ್ತರದಲ್ಲಿರುವ ಎಣ್ಣೂರಿನ ಮೀನುಗಾರರ ಕೇರಿಗಳಿಗೆ ನುಗ್ಗಿದ್ದು ಬರೀ ನೀರಲ್ಲ. ಮಣಲಿ ಕೈಗಾರಿಕಾ ಪ್ರದೇಶದ ತೈಲವೂ ನೆರೆಯೊಂದಿಗೆ ಬಕಿಂಗ್‌ಹ್ಯಾಮ್ ಕಾಲುವೆಗೆ ಇಳಿದು ಅಳಿವೆಯ ತುಂಬ ಹರಡಿತು. ದೋಣಿ, ಬಲೆಗಳಿಗೆಲ್ಲ ಜಿಡ್ಡು ಮೆತ್ತಿಕೊಂಡಿತು. ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಕರ್ನಾಟಕವೂ ಇದೇ ಪೀಠದ ವ್ಯಾಪ್ತಿಗೆ ಸೇರಿದೆ.

‘ಅಷ್ಟು ಮಳೆ ಸುರಿದರೆ ಯಾರೇನು ಮಾಡಲಾದೀತು?’ ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಸಮಜಾಯಿಷಿ ಇದು. ಕಾನೂನು ಇದನ್ನು ಒಪ್ಪುವುದಿಲ್ಲ. 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂಪೂರ್ಣ ಹೊಣೆಗಾರಿಕೆಯ ತತ್ವವನ್ನು ರೂಪಿಸಿತು. ಅಪಾಯಕಾರಿ ವಸ್ತುವಿನ ವ್ಯವಹಾರ ನಡೆಸುವವರು ಅದರಿಂದಾದ ಹಾನಿಗೆ ಪೂರ್ತಿ ಹೊಣೆ; ದೈವಿಕ ವಿಕೋಪದಂಥ ಹಳೆಯ ವಿನಾಯಿತಿಗಳು ಅವರಿಗಿಲ್ಲ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಯುದ್ಧ ಮತ್ತು ವಿಕಿರಣದಿಂದಾದ ಅಪಘಾತಗಳನ್ನು ಮಾತ್ರ ಹೊರಗಿಟ್ಟಿದೆ. ನೆರೆ ಆ ಪಟ್ಟಿಯಲ್ಲಿಲ್ಲ.

ಅನಾಹುತವಾಗುವ ಮೊದಲೇ ಕೇಳುವ ಹಕ್ಕೂ ಜನರಿಗಿದೆ. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ಕೇಂದ್ರ ನಿಯಮಗಳು ಒಂದೊಂದು ರಾಸಾಯನಿಕಕ್ಕೂ ಮಿತಿ ನಿಗದಿ ಮಾಡಿವೆ: ಕ್ಲೋರಿನ್‌ಗೆ 10 ಟನ್, ಅಮೋನಿಯಾಕ್ಕೆ 60 ಟನ್. ದಾಸ್ತಾನು ಆ ಮಟ್ಟ ಮುಟ್ಟಿದರೆ ಕಾರ್ಖಾನೆಯೊಳಗಿನ ತುರ್ತು ಯೋಜನೆ ಸಿದ್ಧವಿರಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಯಬೇಕು. ಅಪಾಯ ಯಾವ ಬಗೆಯದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸುತ್ತಲಿನ ನಿವಾಸಿಗಳಿಗೆ ತಿಳಿಸುವುದು ಮಾಲೀಕರ ಕರ್ತವ್ಯ.

ಸಣ್ಣ ದಾಸ್ತಾನುಗಳು ಈ ಮಿತಿಯನ್ನು ಮುಟ್ಟುವುದಿಲ್ಲ, ನಿಜ. ಆದರೆ ಕೃಷ್ಣಾ, ತುಂಗಭದ್ರಾ ತೀರದ ಊರುಗಳಲ್ಲಿ ಗೊಬ್ಬರ, ಔಷಧಿ ಅಂಗಡಿಗಳ ಹಿಂದಿನ ಕೋಣೆಗಳೂ ಗಮನ ಬೇಡುತ್ತವೆ. ಕೀಟನಾಶಕ ಇಡುವ ಕೊಠಡಿ ಗಟ್ಟಿಮುಟ್ಟಾಗಿ, ಒಣಗಿರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಪ್ರತಿ ಮಳೆಗಾಲ ನೀರು ನುಗ್ಗುವ ಕೋಣೆಯ ಬಗ್ಗೆ ಕೃಷಿ ಇಲಾಖೆಗೆ ಲಿಖಿತ ದೂರು ಕೊಡಬಹುದು.

ದೊಡ್ಡ ದಾಸ್ತಾನಿನ ವಿವರ ಬೇಕಿದ್ದರೆ ಮಾಹಿತಿ ಹಕ್ಕಿನ ದಾರಿ ಇದೆ. ಜಿಲ್ಲಾಧಿಕಾರಿ ಕಚೇರಿಗೋ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೋ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ದಾಸ್ತಾನು ಎಷ್ಟಿದೆ, ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ನಡೆಯಿತು ಎಂದು ಕೇಳುವುದರ ಜೊತೆಗೆ, ತುರ್ತು ಯೋಜನೆ ಬರೆಯುವಾಗ ನೆರೆಯ ಮಟ್ಟವನ್ನು ಲೆಕ್ಕ ಹಾಕಲಾಗಿದೆಯೇ ಎಂದು ಕೇಳಲೇಬೇಕು. ಬೆಂಕಿ, ಅನಿಲ ಸೋರಿಕೆಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಯೋಜನೆ ನೀರು ನಿಂತಾಗ ಕೆಲಸಕ್ಕೆ ಬಾರದು. 2017ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆದದ್ದು ಇದೇ. ಕ್ರಾಸ್ಬಿಯ ಆರ್ಕೆಮಾ ಕಾರ್ಖಾನೆಯಲ್ಲಿ ವಿದ್ಯುತ್ತಿನ ಜೊತೆ ಬದಲಿ ಜನರೇಟರ್‌ಗಳೂ ನೆರೆಗೆ ಸಿಕ್ಕಿ ನಿಂತುಹೋದವು. ತಂಪಿನಲ್ಲೇ ಇರಬೇಕಿದ್ದ ಸಾವಯವ ಪೆರಾಕ್ಸೈಡ್ ಬಿಸಿಯೇರಿ ತಾನಾಗಿ ಹೊತ್ತಿಕೊಂಡಿತು.

ಹಾನಿಯಾದ ಮೇಲೆ ಮೊದಲ ಕೆಲಸ ಸಾಕ್ಷ್ಯ ಉಳಿಸಿಕೊಳ್ಳುವುದು: ದಿನಾಂಕ ಸಹಿತ ಫೋಟೊ, ಆಸ್ಪತ್ರೆ ಚೀಟಿ, ಪಂಚನಾಮೆಯ ಪ್ರತಿ. 1991ರ ಕಾಯ್ದೆಯಡಿ ಪರಿಹಾರಕ್ಕಾಗಿ ಜಿಲ್ಲಾಧಿಕಾರಿಗೆ ಐದು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಮಾಲೀಕರ ತಪ್ಪನ್ನು ಸಂತ್ರಸ್ತರು ಸಾಬೀತುಪಡಿಸಬೇಕಿಲ್ಲ. ವಕೀಲರ ಖರ್ಚಿಗೆ ಹೆದರಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಉಚಿತ ನೆರವಿಗೆ ಅರ್ಹರಾದವರ ಸಾಲಿನಲ್ಲಿ ಪ್ರವಾಹ ಸಂತ್ರಸ್ತರನ್ನೂ ಕೈಗಾರಿಕಾ ದುರಂತದ ಸಂತ್ರಸ್ತರನ್ನೂ ಸ್ಪಷ್ಟವಾಗಿ ಹೆಸರಿಸಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಅರ್ಜಿ ಕೊಡಬಹುದು.

ಹಸಿರು ನ್ಯಾಯಮಂಡಳಿಯಲ್ಲೂ ಪರಿಹಾರ ಕೋರಲು ಐದು ವರ್ಷ ಅವಕಾಶವಿದೆ. ಆದರೆ ಅಪಾಯಕಾರಿ ದಾಸ್ತಾನು ಊರ ಬಳಿ ಇರುವುದನ್ನೇ ಪ್ರಶ್ನಿಸುವ ಅರ್ಜಿಗೆ, ವಿವಾದಕ್ಕೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳಷ್ಟೇ ಗಡುವು. ತಕ್ಕ ಕಾರಣವಿದ್ದರೆ ಮತ್ತೆ 60 ದಿನ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ.