ಅಪ್ಪನಿಗೂ ಅಮ್ಮನಿಗೂ ಒಂದೇ ಡೋಸಾ?

ಊರಿನಿಂದ ಅಪ್ಪ ಅಮ್ಮ ಬಂದರೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಒಂದು ಚೀಲ ಮಾತ್ರೆಯೂ ಬರುತ್ತೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಇಬ್ಬರಿಗೂ ಅದೇ ಬೀಪಿ ಮಾತ್ರೆ, ಅದೇ ಮಿಲಿಗ್ರಾಂ. ಅಪ್ಪ ಆರಾಮಾಗಿ ವಾಕಿಂಗ್ ಹೋಗ್ತಾರೆ. ಅಮ್ಮ ಮಾತ್ರ "ಎದ್ದರೆ ತಲೆ ಸುತ್ತುತ್ತೆ, ಕಾಲು ಬೇರೆ ಊದಿದೆ" ಅಂತಾರೆ. ವಯಸ್ಸಾಯ್ತಲ್ಲ ಅಂದುಕೊಂಡು ನಾವು ಸುಮ್ಮನಾಗ್ತೀವಿ.

ವಯಸ್ಸೊಂದೇ ಕಾರಣ ಆಗಿರಬೇಕಿಲ್ಲ. ಮೆಟೊಪ್ರೊಲಾಲ್ ತಗೊಳ್ಳಿ. ಒಂದೇ ಪ್ರಮಾಣ ನುಂಗಿದರೂ ಹೆಂಗಸರ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಹೆಚ್ಚಿರುತ್ತೆ. ಅವರ ಲಿವರ್ ಅದನ್ನು ಒಡೆದು ಹೊರಹಾಕೋದು ನಿಧಾನ. ಅಮ್ಲೊಡಿಪಿನ್‌ನಿಂದ ಪಾದ ಊದೋದು, ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳಿಂದ ಒಣಕೆಮ್ಮು ಬರೋದು, ಎರಡೂ ಹೆಂಗಸರಲ್ಲೇ ಜಾಸ್ತಿ.

ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದವರಿಗೂ ಇದೇ ಗುಂಪಿನ ಮಾತ್ರೆಗಳನ್ನು ಕೊಡ್ತಾರೆ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನವೊಂದು ಯುರೋಪಿನ 11 ದೇಶಗಳ ಇಂಥ 1,308 ಗಂಡಸರು, 402 ಹೆಂಗಸರನ್ನು ನೋಡಿತು. ಗಂಡಸರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವ ಅಪಾಯ ಅತಿ ಕಡಿಮೆಯಿದ್ದದ್ದು ಶಿಫಾರಸು ಮಾಡಿದ ಪೂರ್ತಿ ಡೋಸಿನಲ್ಲಿ. ಹೆಂಗಸರಲ್ಲಿ ಅದು ಸುಮಾರು ಅರ್ಧ ಡೋಸಿಗೇ ಶೇ. 30ರಷ್ಟು ಇಳಿದಿತ್ತು, ಅದರ ಮೇಲೆ ಎಷ್ಟು ಏರಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ. ಮೈಗಾತ್ರ, ವಯಸ್ಸು ಲೆಕ್ಕ ಹಾಕಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಭಾರತದವರೂ ಇದ್ದ ಏಷ್ಯಾದ ರೋಗಿಗಳ ಇನ್ನೊಂದು ಗುಂಪಿನಲ್ಲೂ ಚಿತ್ರ ಹೀಗೇ ಇತ್ತು.

ಹಾಗಾದ್ರೆ ಇಷ್ಟು ದಿನ ಯಾರೂ ನೋಡಲಿಲ್ವಾ? ನಮ್ಮ ಟೆಕ್ಸಸ್‌ನದೇ ಉದಾಹರಣೆ ಇದೆ. ಹ್ಯೂಸ್ಟನ್ನಿನಿಂದ ಸಮನ್ವಯಗೊಂಡ ಆಲ್‌ಹ್ಯಾಟ್ ಎಂಬ ದೊಡ್ಡ ಬೀಪಿ ಪ್ರಯೋಗದ ಫಲಿತಾಂಶ ಬಂದದ್ದು 2002ರಲ್ಲಿ. 55 ದಾಟಿದ 33,357 ಜನ, ಅವರಲ್ಲಿ ಶೇ. 47 ಹೆಂಗಸರು. ಮೆಚ್ಚಬೇಕಾದದ್ದೇ. ಆದರೆ ಅಲ್ಲಿ ಕೇಳಿದ್ದು ಯಾವ ಮಾತ್ರೆ ಒಳ್ಳೇದು ಅಂತ. ಡೋಸಿನ ಮೆಟ್ಟಿಲು ಇಬ್ಬರಿಗೂ ಒಂದೇ. ಹೆಂಗಸರನ್ನು ಸೇರಿಸಿಕೊಳ್ಳೋದು ಬೇರೆ, ಅವರಿಗೆ ಎಷ್ಟು ಬೇಕು ಅಂತ ಕೇಳೋದು ಬೇರೆ.

ಇಲ್ಲೊಂದು ಎಚ್ಚರಿಕೆ. ಲ್ಯಾನ್ಸೆಟ್ ಅಧ್ಯಯನದಲ್ಲಿ ಚೀಟಿ ಎತ್ತಿ ಡೋಸ್ ಹಂಚಿರಲಿಲ್ಲ. ಪೂರ್ತಿ ಡೋಸ್ ತಡೆದುಕೊಂಡವರು ಮೊದಲೇ ಗಟ್ಟಿಯಾಗಿದ್ದವರೂ ಇರಬಹುದು. ಅದಕ್ಕೇ ಇವತ್ತು ರಾತ್ರಿಯೇ ಅಮ್ಮನ ಮಾತ್ರೆ ಮುರಿದು ಅರ್ಧ ಕೊಡಬೇಡಿ. ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದರಂತೂ ಅಪಾಯ.

ನಮ್ಮನೇಲಿ ಮಾಡಿದ್ದು ಇಷ್ಟು: ಒಂದು ವಾರ ಅಮ್ಮನ ಬೀಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿ, ತಲೆ ಸುತ್ತಿದ ಹೊತ್ತಿನ ಸಮೇತ ಬರೆದಿಟ್ಟೆವು. ಊರಿನ ಡಾಕ್ಟರಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅವರು ಮೊದಲು ಓದಿಸಿದ್ದೇ ಆ ಎರಡನೇ ಸಾಲು.