ಊರಿನ ಪತ್ರಿಕೆಗೆ ಊರೇ ಆಸರೆ

ಚಾಮರಾಜನಗರ

ಪ್ರೀತಿಯ ಮಗಳೇ,

ನಿಂತುಹೋದ ನಮ್ಮ ಇತಿಹಾಸ ಪತ್ರಿಕೆಯನ್ನು ಗುಂಡ್ಲುಪೇಟೆಯ ಗೆಳೆಯರೆಲ್ಲ ಸೇರಿ ಮತ್ತೆ ತರುತ್ತೀರಿ ಎಂದು ತಿಳಿದು ಮನಸ್ಸು ತುಂಬಿ ಬಂತು. ಆದರೆ ವಿಶ್ವವಿದ್ಯಾನಿಲಯ ಒಪ್ಪಿಬಿಟ್ಟರೆ ಮಿಕ್ಕಿದ್ದು ತಾನಾಗಿ ನಡೆಯುತ್ತದೆ ಎಂದು ಬರೆದಿದ್ದೀಯಲ್ಲ, ಆ ಮಾತು ನನಗೆ ಒಪ್ಪಿಗೆಯಿಲ್ಲ.

'ಪ್ರಬುದ್ಧ ಕರ್ನಾಟಕ' ಹುಟ್ಟಿದ್ದು ಹೇಗೆ ಹೇಳು? 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಅದನ್ನು ಹೊರಡಿಸಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದಕ್ಕಾಗಿ ಜೀವ ತೇದರು. ಮೈಸೂರು ವಿಶ್ವವಿದ್ಯಾನಿಲಯ ಕೈಹಿಡಿದದ್ದು ಆಮೇಲೆ. ನಿಮ್ಮ ಕೆಲಸವೂ ಇದೇ ಕ್ರಮದಲ್ಲಿ ಸಾಗಲಿ.

ಹಾಗೆಂದು ಬೇಡರಪುರದ ಸುವರ್ಣಗಂಗೋತ್ರಿಯನ್ನು ದೂರ ಇಡಬೇಡ. ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಅದು 2023ರಲ್ಲಿ ನಮ್ಮದೇ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. ಲೇಖನಗಳನ್ನು ಅಲ್ಲಿನ ಅಧ್ಯಾಪಕರಿಂದ ತಿದ್ದಿಸು. ಶಾಸನದ ಪಾಠ, ಕಾಲನಿರ್ಣಯಗಳಲ್ಲಿ ಅವರ ಕಣ್ಣು ಬೇಕೇ ಬೇಕು.

ಸರಕು ಮಾತ್ರ ಊರಿನಿಂದಲೇ ಬರಬೇಕು. ಶಾಸನಗಳನ್ನು ಸಂಗ್ರಹಿಸಿದ ರೈಸ್ ಸಾಹೇಬರು 1898ರಲ್ಲೇ ನಮ್ಮೆರಡೂ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಗುಂಡ್ಲುಪೇಟೆಯ ಶಾಸನಗಳ ಪರಿಷ್ಕೃತ ಸಂಪುಟ 1974ರಲ್ಲಿ ಮೈಸೂರಿನಿಂದ ಬಂತು. ಅದರಲ್ಲಿ ಅಕ್ಷರವಷ್ಟೇ ಸಿಗುತ್ತದೆ. ಕೆರೆ ಏರಿಯ ಮೇಲಿನ ವೀರಗಲ್ಲನ್ನು ನೆನೆದುಕೊ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯಚಂದ್ರರು. ಆ ಕಲ್ಲಿಗೆ ಎಣ್ಣೆ ಹಚ್ಚಿ ಎಡೆ ಇಡುವವರು ಯಾರ ಮನೆಯವರು, ಯಾಕೆ ಇಡುತ್ತಾರೆ ಎನ್ನುವುದು ಊರಿನ ಅಜ್ಜಿಗೆ ಗೊತ್ತು. ಸಂಪುಟದಲ್ಲಿ ಅದಿಲ್ಲ. ಅಜ್ಜಿಯ ಮಾತನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ, ಶಾಸನದ ಪಕ್ಕದಲ್ಲೇ ಅಚ್ಚು ಹಾಕಿಸಿ. ಕಥೆ ಹಾಡುವ ಕಂಸಾಳೆಯವರನ್ನೂ ನೀಲಗಾರರನ್ನೂ ಹೀಗೆಯೇ ಕೂರಿಸಿ ಕೇಳಿ.

ಮೊದಲ ಸಂಚಿಕೆಗೆ ಅರಿಕುಠಾರದ ಬಗ್ಗೆ, ಅಂದರೆ ಹಳೆಯ ಚಾಮರಾಜನಗರದ ಬಗ್ಗೆ, ಬರೆಸು. ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ನಮ್ಮ ಪೇಟೆಯಲ್ಲೇ ಇದೆ. ಇಲ್ಲೇ ಬೆಳೆದ ಎಷ್ಟೋ ಮಕ್ಕಳು ಅದರೊಳಗೆ ಕಾಲಿಟ್ಟಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರನ್ನು ಊರಿಗೆ ಇಟ್ಟದ್ದು 1818ರಲ್ಲಿ. ಅದಕ್ಕೂ ಹಿಂದಿನ ಏಳು ನೂರು ವರ್ಷ ನಮ್ಮದಲ್ಲವೇ? ಕೊಳ್ಳೇಗಾಲವನ್ನೂ ಮರೆಯಬೇಡ. 1956ರವರೆಗೆ ಅದು ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆದ್ದರಿಂದ ಅದರ ಹಳೆಯ ಕಾಗದಪತ್ರಗಳನ್ನು ತಮಿಳುನಾಡಿನಲ್ಲೂ ಹುಡುಕಬೇಕು.

ಇನ್ನು ದುಡ್ಡಿನ ಮಾತು. ಒಬ್ಬ ದೊಡ್ಡ ದಾನಿಗಿಂತ ನೂರು ಮಂದಿ ಚಂದಾದಾರರು ಮೇಲು. ಡೇರಿಯ ಕಾರ್ಯದರ್ಶಿ, ಶಾಲೆಯ ಮೇಷ್ಟ್ರು, ಚೆಂಡುಹೂ ಬೆಳೆಯುವ ರೈತ, ಎಲ್ಲರ ಹತ್ತಿರವೂ ಹೋಗಿ. ಚಂದಾ ಕೊಟ್ಟವನು ಮುಂದಿನ ಸಂಚಿಕೆ ಎಲ್ಲಿ ಎಂದು ಕೇಳುತ್ತಾನೆ. ಹಾಗೆ ಕೇಳುವವರು ಇಲ್ಲದೆಯೇ ನಮ್ಮ ಪತ್ರಿಕೆ ನಿಂತಿತು.

ಹಳೆಯ ಸಂಚಿಕೆಗಳ ಕಟ್ಟು ನನ್ನಲ್ಲಿದೆ. ಬರುವ ಭಾನುವಾರ ಗೆಳೆಯರನ್ನು ಕರೆದುಕೊಂಡು ಬಾ. ಗೆದ್ದಲು ಹಿಡಿಯುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿಬಿಡಿ. ಚಂದಾ ಪುಸ್ತಕವನ್ನೂ ತಾ, ಮೊದಲ ರಸೀದಿ ನನ್ನ ಹೆಸರಿಗೆ ಹರಿ.

ಇತಿ,
ನಿನ್ನ ಮೇಷ್ಟ್ರು